ನಮ್ಮ ಘಟ್ಟವನ್ನೇರಿದ ರೋಮಿನ ಯಾತ್ರಿಕ

ಹೆಗ್ಗರಣೆಯ ಸುತ್ತಣ ಸೀಮೆಯವರಿಗೆ ಉಂಚಳ್ಳಿಯ ಜಲಪಾತವನ್ನು ಪರಿಚಯಿಸಬೇಕಾಗಿಲ್ಲ. ಅಘನಾಶಿನಿಯು 116 ಮೀಟರುಗಳ ಆಳಕ್ಕೆ ಧುಮುಕುವ ಆ ಸ್ಥಳದಲ್ಲಿ ಮಳೆಗಾಲದಲ್ಲಿ ನಿಂತವನಿಗೆ ಪಕ್ಕದವನ ಮಾತು ಕೇಳಿಸದು. ಆದುದರಿಂದಲೇ ನಮ್ಮ ಜನ ಅದನ್ನು ಕೆಪ್ಪ ಜೋಗವೆಂದು ಕರೆದರು. ಆದರೆ ಆಂಗ್ಲರ ಗ್ರಂಥಗಳಲ್ಲಿ ಅದರ ಹೆಸರು ಲಷಿಂಗ್ಟನ್ ಜಲಪಾತ. 1845ರಲ್ಲಿ ಜಿಲ್ಲೆಯ ಕಲೆಕ್ಟರರಾಗಿದ್ದ ಲಷಿಂಗ್ಟನ್ನರು ಅದನ್ನು ಕಂಡುಹಿಡಿದರೆಂದು ಆ ಗ್ರಂಥಗಳು ಹೇಳುತ್ತವೆ. ಅದರ ಸದ್ದನ್ನು ಕೇಳುತ್ತಲೇ ಹುಟ್ಟಿ ಬೆಳೆದವರು ಇದ್ದ ಊರಿನಲ್ಲಿ, ಒಬ್ಬ ಅಧಿಕಾರಿ ಬಂದು ನೋಡಿದ ದಿನ ಅದು ಲೋಕಕ್ಕೆ ಗೊತ್ತಾಯಿತು ಎನ್ನುವುದು ವಿಚಿತ್ರವಾದ ಮಾತು.

ಹಾಗೆಂದು ಪರದೇಶದಿಂದ ಬಂದವರೆಲ್ಲರೂ ಹೆಸರಿಟ್ಟು ಹೋದವರೇ ಎಂದು ತಿಳಿಯಬೇಕಾಗಿಲ್ಲ. ಅವರಲ್ಲಿ ಕೆಲವರು ನಮ್ಮ ಜಗಲಿಯ ಮೇಲೆ ಕುಳಿತು ನಮ್ಮನ್ನೇ ಪ್ರಶ್ನಿಸಿ, ಉತ್ತರವನ್ನು ಬರೆದುಕೊಂಡು ಹೋದರು. ಶತಮಾನೋತ್ಸವದ ಈ ಸಂಚಿಕೆಯಲ್ಲಿ ನಾವು ನೂರು ವರ್ಷಗಳ ಹಿಂದಕ್ಕೆ ದೃಷ್ಟಿ ಹಾಯಿಸುತ್ತಿರುವ ಸಂದರ್ಭದಲ್ಲಿ, ಇನ್ನೂ ಮುನ್ನೂರು ವರ್ಷ ಹಿಂದೆ ಸರಿದು ಅಂಥ ಒಬ್ಬ ಅತಿಥಿಯನ್ನು ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇವೆ. ಆತನು ರೋಮ್ ನಗರದ ಕಥೋಲಿಕನು. ಹೆಸರು ಪಿಯೆತ್ರೋ ದೆಲ್ಲಾ ವಾಲ್ಲೆ.

ಈತನು 1586ರಲ್ಲಿ ರೋಮಿನ ಹಳೆಯ ಶ್ರೀಮಂತ ಮನೆತನವೊಂದರಲ್ಲಿ ಹುಟ್ಟಿದನು. ಪ್ರೇಮದಲ್ಲಿ ನಿರಾಶೆಗೊಂಡು, ಯಾತ್ರಿಕನ ವ್ರತವನ್ನು ಕೈಗೊಂಡು, 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿದನು. ಕಾನ್‌ಸ್ಟಾಂಟಿನೋಪಲ್, ಈಜಿಪ್ಟುಗಳನ್ನು ನೋಡಿ ಜೆರುಸಲೇಮಿನ ಪುಣ್ಯಸ್ಥಳಗಳನ್ನು ದರ್ಶಿಸಿದ ಮೇಲೆ ಬೇರೆ ಯಾತ್ರಿಕರಂತೆ ಊರಿಗೆ ಮರಳಲಿಲ್ಲ. ಬಾಗ್ದಾದಿಗೆ ಹೋದನು. ಅಲ್ಲಿ 1616ರಲ್ಲಿ ಪೌರಸ್ತ್ಯ ಕ್ರೈಸ್ತ ಮನೆತನದ ಮಾನಿ ಎಂಬ ಕನ್ಯೆಯನ್ನು ವಿವಾಹವಾದನು. ದಂಪತಿಗಳು ಪಾರಸ ದೇಶಕ್ಕೆ ತೆರಳಿ, ಷಾ ಅಬ್ಬಾಸನ ಆಳ್ವಿಕೆಯ ಕಾಲದಲ್ಲಿ ಕೆಲವು ವರ್ಷ ಅಲ್ಲಿ ಬಾಳಿದರು. ಭಾರತಕ್ಕೆ ಹೊರಡಲೆಂದು ಹೋರ್ಮುಜ್ ಸಮೀಪದ ಮಿನಾಬ್ ಎಂಬಲ್ಲಿ ಕಾದಿದ್ದಾಗ ಮಾನಿಗೆ ಜ್ವರ ಬಂದಿತು. 1621ರ ಡಿಸೆಂಬರ್ 30ರಂದು ಆಕೆ ತೀರಿಕೊಂಡಳು.

ಮುಂದೆ ಪಿಯೆತ್ರೋ ಮಾಡಿದ ಕಾರ್ಯವನ್ನು ಕೇಳಿದವರು ಇಂದಿಗೂ ಬೆರಗಾಗುತ್ತಾರೆ. ಪತ್ನಿಯನ್ನು ಪರದೇಶದ ಮಣ್ಣಿನಲ್ಲಿ ಬಿಟ್ಟುಹೋಗಲು ಆತನ ಮನಸ್ಸು ಒಪ್ಪಲಿಲ್ಲ. ದೇಹವು ಕೆಡದಂತೆ ಕರ್ಪೂರಾದಿಗಳಿಂದ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು, ರೋಮಿನ ತನ್ನ ಕುಟುಂಬದ ಸಮಾಧಿಯವರೆಗೆ ಒಯ್ಯಲು ನಿಶ್ಚಯಿಸಿದನು. ಶವವನ್ನು ಹಡಗಿನಲ್ಲಿ ಸಾಗಿಸಲು ನಾವಿಕರು ಒಪ್ಪುವುದಿಲ್ಲವೆಂದು ಅದನ್ನು ಸಾಮಾನುಗಳ ನಡುವೆ ಮರೆಸಿಟ್ಟನು. ಈ ಭಾರವನ್ನು ಹೊತ್ತೇ 1623ರ ಆರಂಭದಲ್ಲಿ ಆತನು ಸೂರತ್ತಿನಲ್ಲಿ ಇಳಿದು, ಗುಜರಾತನ್ನು ಸುತ್ತಿ, ಗೋವೆಗೆ ಬಂದನು. ನಮ್ಮ ನಾಡಿನ ಬಗೆಗೆ ಆತನು ಬರೆದುದನ್ನು ಓದುವಾಗ ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆ ಕಾಲದಲ್ಲಿ ಘಟ್ಟದ ಮೇಲಿನ ಬಹು ಭಾಗಕ್ಕೂ ಕರಾವಳಿಯ ದೊಡ್ಡ ಭಾಗಕ್ಕೂ ಇಕ್ಕೇರಿಯ ವೆಂಕಟಪ್ಪ ನಾಯಕನು ಒಡೆಯನಾಗಿದ್ದನು. ಕಾಳುಮೆಣಸು ಆತನ ಕೈಯಲ್ಲಿತ್ತು. ಅದನ್ನು ಕೊಳ್ಳಬೇಕಾದವರು ಪೋರ್ಚುಗೀಸರು. ಮೆಣಸಿನ ಬೆಲೆಯ ವಿಚಾರ ಒಂದು ಕಡೆ, ಮಂಗಳೂರಿನ ಬಂಗರಸನ ಸೀಮೆಯನ್ನು ನಾಯಕನು ಆಕ್ರಮಿಸಿಕೊಂಡ ವಿಚಾರ ಇನ್ನೊಂದು ಕಡೆ. ಇವುಗಳ ಇತ್ಯರ್ಥಕ್ಕಾಗಿ ಗೋವೆಯಿಂದ ಜುವಾಂವ್ ಫೆರ್ನಾಂಡಿಸ್ ಲೈತಾಂವ್ ಎಂಬ ರಾಯಭಾರಿಯು ಹೊರಟನು. ನಾಯಕನ ಪರವಾಗಿ ಗೋವೆಯಲ್ಲಿದ್ದ ವಿಠ್ಠಲ ಶೆಣೈ ಎಂಬ ರಾಯಭಾರಿಯೂ ಅದೇ ಸಮಯದಲ್ಲಿ ಹಿಂದಿರುಗುವವನಿದ್ದನು. ಕ್ರೈಸ್ತರ ಆಳ್ವಿಕೆಯಿಲ್ಲದ, ಹಿಂದೂ ಅರಸನೊಬ್ಬನ ನಾಡನ್ನು ಒಳಹೊಕ್ಕು ನೋಡಬೇಕೆಂಬ ಆಸೆಯಿಂದ ಪಿಯೆತ್ರೋ ಈ ಪರಿವಾರವನ್ನು ಸೇರಿಕೊಂಡನು. ಆತನಿಗೆ ವ್ಯಾಪಾರವಿರಲಿಲ್ಲ, ಉದ್ಯೋಗವಿರಲಿಲ್ಲ. ನೋಡುವುದೊಂದೇ ಆತನ ಕೆಲಸ. ನೇಪಲ್ಸಿನಲ್ಲಿದ್ದ ಮಾರಿಯೋ ಸ್ಕಿಪಾನೋ ಎಂಬ ವೈದ್ಯಮಿತ್ರನಿಗೆ ಕಂಡದ್ದನ್ನೆಲ್ಲ ಪತ್ರಗಳಲ್ಲಿ ಬರೆಯುತ್ತಿದ್ದನು.

1623ರ ಅಕ್ಟೋಬರಿನಲ್ಲಿ ಪರಿವಾರವು ಸಮುದ್ರಮಾರ್ಗವಾಗಿ ಹೊನ್ನಾವರವನ್ನು ಸೇರಿತು. ಅಲ್ಲಿಂದ ದೋಣಿಗಳಲ್ಲಿ ಶರಾವತಿಯ ಮೇಲಕ್ಕೆ ಪ್ರಯಾಣ. ಎರಡು ದಡಗಳ ಹಸುರು, ನದಿಯ ನಡುನಡುವಣ ಕುರುವೆಗಳು, ಇವುಗಳನ್ನು ನೋಡಿ ಆತನ ಮನಸ್ಸು ಅರಳಿತು. ಗೇರುಸೊಪ್ಪೆಯನ್ನು ತಲುಪಿದಾಗ ಕಂಡದ್ದು ಹಾಳೂರು. ಒಂದು ಕಾಲಕ್ಕೆ ಅರಮನೆ, ಬಸದಿ, ಪೇಟೆಗಳಿಂದ ಮೆರೆದ ಪಟ್ಟಣದಲ್ಲಿ ಕಾಡು ಬೆಳೆದುನಿಂತಿತ್ತು. ಇಂದು ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿಯನ್ನು ನೋಡಲು ಹೋದವರಿಗೂ ಇದೇ ಭಾವನೆ ಬರುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಕಲ್ಲಿನ ಬಸದಿಯ ಸುತ್ತ ಪಟ್ಟಣವಿಲ್ಲ, ಮರಗಳಿವೆ.

ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದ ಚೆನ್ನಭೈರಾದೇವಿಯ ನಾಡಿದು. ಇಲ್ಲಿ ಆತನ ಬರವಣಿಗೆಯ ಒಂದು ದೋಷವನ್ನೂ ನಾವು ಹೇಳದೆ ಬಿಡಲಾಗದು. ಊರು ಹಾಳಾದುದಕ್ಕೆ ಕಾರಣವೇನೆಂದು ಕೇಳಿದಾಗ ಯಾರೋ ಹೇಳಿದ ಕಥೆಯೊಂದನ್ನು ಆತನು ಬರೆದುಕೊಂಡನು. ರಾಣಿಯು ಒಬ್ಬ ಪರಸ್ಥಳದವನನ್ನು ಮೆಚ್ಚಿ, ಅವನಿಂದಲೇ ರಾಜ್ಯ ಕಳೆದುಕೊಂಡಳು ಎಂಬುದು ಆ ಕಥೆ. ಗೆದ್ದವರ ಊರಿನಲ್ಲಿ ಸೋತ ಹೆಂಗಸಿನ ಮೇಲೆ ಇಂಥ ಕಥೆ ಹುಟ್ಟುವುದು ಸಹಜ. ಪೋರ್ಚುಗೀಸರ ಬಲವನ್ನೂ ನೆರೆಯ ಅರಸರ ಒತ್ತಡವನ್ನೂ ಎದುರಿಸಿ ಆ ರಾಣಿಯು ಅರ್ಧ ಶತಮಾನದಷ್ಟು ಕಾಲ ಆಳಿದಳು ಎಂಬುದನ್ನು ಇತಿಹಾಸ ಬಲ್ಲವರು ಒಪ್ಪುತ್ತಾರೆ. ದಾರಿಹೋಕನಿಗೆ ಕೇಳಿಸುವುದು ದಾರಿಯ ಮಾತು. ಆತನು ಕಣ್ಣಾರೆ ಕಂಡು ಬರೆದುದಕ್ಕೂ ಕಿವಿಯಾರೆ ಕೇಳಿ ಬರೆದುದಕ್ಕೂ ನಾವು ಒಂದೇ ಬೆಲೆ ಕೊಡಬಾರದು.

ಗೇರುಸೊಪ್ಪೆಯಿಂದ ಘಟ್ಟವನ್ನೇರಿದ ಪರಿವಾರವು ಗೋವರ್ಧನಗಿರಿಯ ಕೋಟೆಯ ದಾರಿ ಹಿಡಿಯಿತು. ಇಟಲಿಯ ಬೆನ್ನೆಲುಬಿನಂತಿರುವ ಅಪೆನ್ನೈನ್ ಪರ್ವತಗಳನ್ನು ಕಂಡಿದ್ದ ಪಿಯೆತ್ರೋವಿಗೆ ಸಹ್ಯಾದ್ರಿಯು ಅವುಗಳನ್ನೇ ನೆನಪಿಗೆ ತಂದಿತು. ಆದರೆ ಚೆಲುವಿನಲ್ಲಿ ನಮ್ಮ ಘಟ್ಟವೇ ಮೇಲೆಂದು ಆತನು ಒಪ್ಪಿಕೊಂಡನು. ಮೇಲೆ ತಲುಪಿದಾಗ ಒಂದು ಹನುಮಂತನ ಗುಡಿ. ಹೊರೆಯಾಳುಗಳು ಹೊರೆಗಳನ್ನು ಸರಿಪಡಿಸುತ್ತಿರುವಷ್ಟರಲ್ಲಿ ಆತನು ಗುಡಿಯ ಮುಂಭಾಗದ ಜಗಲಿಯಲ್ಲಿ ನಿಂತು ಒಂದು ನೋಟವನ್ನು ನೋಡಿದನು. ಆತನ ಭಾರತದ ಪತ್ರಗಳಲ್ಲಿ ಲೋಕವು ಹೆಚ್ಚಾಗಿ ನೆನೆಯುವ ಭಾಗ ಇದೇ.

ನಾಲ್ವರು ಹುಡುಗರು ಕುಳಿತು ಲೆಕ್ಕ ಕಲಿಯುತ್ತಿದ್ದರು. ಗುರುಗಳು ಅಲ್ಲಿರಲಿಲ್ಲ. ಕಾಗದ, ಲೇಖನಿಗಳೂ ಇರಲಿಲ್ಲ. ನೆಲದ ಮೇಲೆ ನುಣುಪಾದ ಮರಳನ್ನು ಹರಡಿದ್ದರು. ಒಬ್ಬನು ಪಾಠದ ಒಂದು ಸಾಲನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಬರೆಯುವನು. ಉಳಿದ ಮೂವರು ಅದನ್ನೇ ರಾಗವಾಗಿ ಹೇಳುತ್ತ ಬರೆಯುವರು. ಜಾಗ ತುಂಬಿದೊಡನೆ ಅಳಿಸಿ, ಹೊಸ ಮರಳನ್ನು ಹರಡಿ, ಮುಂದುವರಿಯುವರು. ಒಬ್ಬನು ಮರೆತರೆ ತಿದ್ದುವವರು ಯಾರು ಎಂದು ಈತನು ಕೇಳಿದನು. ನಾಲ್ವರೂ ಒಟ್ಟಿಗೆ ಒಂದೇ ಜಾಗದಲ್ಲಿ ಮರೆಯುವುದು ಸಾಧ್ಯವಿಲ್ಲ, ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದುತ್ತೇವೆ ಎಂದು ಹುಡುಗರು ಉತ್ತರವಿತ್ತರು. ಸುಲಭವೂ ಭದ್ರವೂ ಆದ ಕ್ರಮವಿದು ಎಂದು ರೋಮಿನ ವಿದ್ಯಾವಂತನು ಮೆಚ್ಚಿ ಬರೆದನು.

ಈ ಮೆಚ್ಚುಗೆ ಬರಿಯ ಉಪಚಾರವಾಗಿರಲಿಲ್ಲ ಎಂಬುದನ್ನು ಮುಂದಿನ ಕಾಲವು ತೋರಿಸಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯೊಂದರ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಗಳು, ನಮ್ಮ ದೇಶದ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ಕಂಡು ತಮ್ಮ ಶಾಲೆಯಲ್ಲಿ ಅದನ್ನೇ ಬಳಕೆಗೆ ತಂದರು. ಹಿರಿಯ ವಿದ್ಯಾರ್ಥಿಯು ಕಿರಿಯನಿಗೆ ಕಲಿಸುವ ಪದ್ಧತಿಯನ್ನು ಕುರಿತು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಅದು 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳಲ್ಲಿ ಹರಡಿತು. ಗಾವಟಿ ಶಾಲೆಯಲ್ಲಿ ಮರಳ ಮೇಲೆ ಅಕ್ಷರ ತಿದ್ದಿದ ನಮ್ಮ ಅಜ್ಜಂದಿರು ಅದನ್ನು ಬಡತನದ ಗುರುತೆಂದು ಸಂಕೋಚದಿಂದ ಹೇಳಿಕೊಳ್ಳುತ್ತಿದ್ದರು. ಸಂಕೋಚಕ್ಕೆ ಕಾರಣವೇ ಇರಲಿಲ್ಲ.

ಇನ್ನೊಂದು ವಿಷಯವನ್ನು ಓದಿದಾಗ ನಮ್ಮ ಮನೆಗಳ ಹೆಣ್ಣುಮಕ್ಕಳು ನಗದಿರಲಾರರು. ಸಗಣಿಯಿಂದ ನೆಲ ಸಾರಿಸುವುದನ್ನು ಕಂಡಾಗ ಮೊದಲು ಆತನಿಗೆ ಅದು ಬರಿಯ ಮೂಢ ಆಚಾರವೆಂದು ತೋರಿತ್ತು. ಬಳಿಕ ವಿಚಾರಿಸಿ ನೋಡಿದನು. ಸಾರಿಸಿದ ನೆಲ ಒಣಗಿದ ಮೇಲೆ ನಯವಾಗಿ, ಶುಭ್ರವಾಗಿ, ಅಂದವಾಗಿ ಕಂಡಿತು. ಗೋವೆಯ ಪೋರ್ಚುಗೀಸರೂ ತಮ್ಮ ಮನೆಗಳಲ್ಲಿ ಹೀಗೆಯೇ ಮಾಡುತ್ತಿದ್ದರು. ಅದು ರೋಗನಿವಾರಕವೆಂದೂ ಹೇಳುವುದನ್ನು ಕೇಳಿ, ಇಟಲಿಗೆ ಮರಳಿದ ಮೇಲೆ ತಾನೂ ಇದನ್ನು ಪ್ರಯೋಗಿಸಿ ನೋಡಬೇಕೆಂದು ಬರೆದುಕೊಂಡನು. ರೋಮಿನ ಶ್ರೀಮಂತರ ಮನೆಯಲ್ಲಿ ಸಗಣಿ ಸಾರಿಸುವ ಯೋಚನೆ! ಪರರ ಬಳಕೆಯನ್ನು ಕಂಡು ಮೂಗು ಮುರಿಯುವುದು ಸುಲಭ. ಮೊದಲ ಅಭಿಪ್ರಾಯವನ್ನು ತಾನೇ ತಿದ್ದಿಕೊಳ್ಳುವವನು ಅಪರೂಪ.

ದಾರಿಯಲ್ಲಿ ಕಂಡ ದೇವಾಲಯವೊಂದರ ನಕ್ಷೆಯನ್ನು ಆತನು ತನ್ನ ಕೈಯಿಂದಲೇ ಬರೆದುಕೊಂಡನು. ಯಂತ್ರವನ್ನು ಹಿಡಿದು ಸೂರ್ಯನ ಎತ್ತರವನ್ನು ಅಳೆದು ಹಲವು ಊರುಗಳ ಅಕ್ಷಾಂಶವನ್ನು ಗೊತ್ತುಮಾಡಿಕೊಂಡನು. ಸಾಗರದ ಮೂಲಕ ಇಕ್ಕೇರಿಯನ್ನು ಸೇರಿದ ಮೇಲೆ ವೆಂಕಟಪ್ಪ ನಾಯಕನ ಒಡ್ಡೋಲಗ, ಮಾತುಕತೆಯ ನಡುವೆ ಅರಸನು ಕವಳ ಹಾಕುವ ರೀತಿ, ಬಣ್ಣದ ಕೋಲುಗಳನ್ನು ಹಿಡಿದು ವೃತ್ತಾಕಾರವಾಗಿ ಕುಣಿಯುವ ಹೆಣ್ಣುಮಕ್ಕಳ ಕೋಲಾಟ, ದೀಪಗಳೊಡನೆ ವಾದ್ಯಗಳೊಡನೆ ರಾತ್ರಿಯಲ್ಲಿ ಹೊರಡುವ ದೇವರ ಮೆರವಣಿಗೆ, ಜಂಗಮರಿಗೆ ಜನರು ತೋರುವ ಗೌರವ, ಎಲ್ಲವನ್ನೂ ದಾಖಲು ಮಾಡಿದನು. ಅಘೋರೇಶ್ವರನ ಹೆಸರನ್ನು ತನ್ನ ಕಿವಿಗೆ ಕೇಳಿಸಿದಂತೆ ಇಟಲಿಯ ಅಕ್ಷರಗಳಲ್ಲಿ ಬರೆದನು. ನಾವು ಇಕ್ಕೇರಿಗೆ ಹೋಗಿದ್ದಾಗ ಆ ದೇವಾಲಯದ ಗರ್ಭಗುಡಿಯ ಎದುರಿನ ನೆಲದಲ್ಲಿ, ಸಾಷ್ಟಾಂಗ ಎರಗಿದ ಮೂವರು ನಾಯಕರ ರೂಪಗಳನ್ನು ಕೊರೆದಿರುವುದನ್ನು ನೋಡಿದೆವು. ಹೊರಗೆ ವಿಶಾಲವಾದ ನಂದಿಮಂಟಪವಿದೆ. ಅರಮನೆ ಇಲ್ಲ, ಪೇಟೆ ಇಲ್ಲ. ಆ ಪೇಟೆಯ ಬೀದಿ ಹೇಗಿತ್ತೆಂದು ತಿಳಿಯಬೇಕಾದರೆ ಈ ಪರದೇಶಿಯ ಪತ್ರವನ್ನೇ ಓದಬೇಕು.

ಆ ಬೀದಿಯಲ್ಲಿಯೇ ಆತನು ಒಬ್ಬ ಹೆಂಗಸನ್ನು ಕಂಡನು. ಗಂಡನು ಸತ್ತು ಕೆಲವೇ ದಿನಗಳಾಗಿದ್ದ ಆಕೆ ಸಹಗಮನಕ್ಕೆ ನಿಶ್ಚಯಿಸಿ, ಕುದುರೆಯ ಮೇಲೆ ಕುಳಿತು, ಒಂದು ಕೈಯಲ್ಲಿ ಕನ್ನಡಿಯನ್ನೂ ಇನ್ನೊಂದು ಕೈಯಲ್ಲಿ ನಿಂಬೆಹಣ್ಣನ್ನೂ ಹಿಡಿದು, ವಾದ್ಯಗಳ ನಡುವೆ ಊರಿಗೆ ವಿದಾಯ ಹೇಳುತ್ತ ಸಾಗುತ್ತಿದ್ದಳು. ಪಿಯೆತ್ರೋ ನೋಡಿ ಸುಮ್ಮನಾಗಲಿಲ್ಲ. ಆಕೆಯ ಮನೆಯನ್ನು ಹುಡುಕಿಕೊಂಡು ಹೋದನು. ಅಂಗಳದಲ್ಲಿ ಜನರ ನಡುವೆ ಬಿಳಿಯ ವಸ್ತ್ರ ಉಟ್ಟು, ಹೂಗಳನ್ನು ಮುಡಿದು ಕುಳಿತಿದ್ದ ಆಕೆ ಎದ್ದು ಬಂದು ಮಾತನಾಡಿದಳು. ದುಭಾಷಿಯ ಮೂಲಕ ಹೆಸರನ್ನು ಕೇಳಿದನು. ಆತನು ಬರೆದುಕೊಂಡ ಅಕ್ಷರಗಳನ್ನು ನಮ್ಮ ಬಾಯಿಗೆ ತಂದರೆ ಅದು ಜಕ್ಕಮ್ಮ ಎಂದಾಗುತ್ತದೆ. ತೆಲುಗು ಜನಾಂಗದವಳು. ಗಂಡನು ವಾದ್ಯ ಬಾರಿಸುವವನಾಗಿದ್ದನು. ರಾಣಿಯೂ ಅಲ್ಲ, ಶ್ರೀಮಂತಳೂ ಅಲ್ಲ. ಮೃತನ ಬೇರೆ ಹೆಂಡಿರು ಮಕ್ಕಳ ಕಾರಣದಿಂದ ಬದುಕಿರಲು ಇಚ್ಛಿಸಿದ್ದರು.

ನಿನಗೂ ಮಕ್ಕಳಿಲ್ಲವೇ ಎಂದು ಆತನು ಕೇಳಿದನು. ಆರೇಳು ವರ್ಷದ ಎಳೆಯ ಮಗುವನ್ನು ತೋರಿಸಿದರು. ಅವುಗಳನ್ನು ಬಂಧುವಿನ ವಶಕ್ಕೆ ಒಪ್ಪಿಸಿದ್ದೇನೆಂದು ಆಕೆ ಹೇಳಿದಳು. ಯಾರ ಬಲವಂತವೂ ಇಲ್ಲ, ತನ್ನ ಇಚ್ಛೆಯಿಂದಲೇ ಈ ನಿರ್ಧಾರ ಎಂದಳು. ಮಕ್ಕಳನ್ನು ಮುಂದಿಟ್ಟು, ಆಕೆಯ ಪ್ರಾಯವನ್ನು ಮುಂದಿಟ್ಟು, ಬದುಕೆಂದು ಆತನು ಬೇಡಿಕೊಂಡನು. ಆಕೆ ಕದಲಲಿಲ್ಲ. ಬೇರೆ ಏನೂ ಮಾಡಲಾಗದೆ, ತನ್ನ ಬರವಣಿಗೆಗೆ ಶಕ್ತಿಯಿರುವುದಾದರೆ ನಿನ್ನ ಹೆಸರು ಲೋಕದಲ್ಲಿ ಉಳಿಯುವಂತೆ ಮಾಡುತ್ತೇನೆಂದು ಮಾತು ಕೊಟ್ಟು ಬೀಳ್ಕೊಂಡನು. ಹೊರಟಾಗ ದುಃಖವು ಆಕೆಗಿಂತ ತನಗೇ ಹೆಚ್ಚಾಗಿತ್ತೆಂದು ಆತನು ಬರೆದಿದ್ದಾನೆ. ಹೀಗೆ ಬರೆದ ಪತ್ರಕ್ಕೆ 1623ರ ನವೆಂಬರ್ 22 ಎಂಬ ದಿನಾಂಕವಿದೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ಸತ್ತ ಹೆಂಡತಿಯನ್ನು ಮಣ್ಣಿಗೆ ಒಪ್ಪಿಸಲಾರದೆ ದೇಶದಿಂದ ದೇಶಕ್ಕೆ ಹೊತ್ತು ತಿರುಗುತ್ತಿದ್ದ ಗಂಡ ಆತ. ಸತ್ತ ಗಂಡನನ್ನು ಬಿಟ್ಟು ಬದುಕಲಾರೆನೆನ್ನುವ ಹೆಂಡತಿ ಈಕೆ. ಅಗಲಿಕೆಯ ನೋವು ಇಬ್ಬರಿಗೂ ಒಂದೇ. ಆದರೆ ಆತನಿಗೆ ಪ್ರಾಣವು ದೇವರು ಕೊಟ್ಟ ವರವೆಂಬ, ಅದನ್ನು ಮನುಷ್ಯನು ತಾನಾಗಿ ಕಳೆದುಕೊಳ್ಳಬಾರದೆಂಬ ವಿಶ್ವಾಸವಿತ್ತು. ಶೋಕವನ್ನು ಹೊತ್ತುಕೊಂಡೇ ಬದುಕುವ ಸ್ವಾತಂತ್ರ್ಯವೂ ಗಂಡಸಾದ ಆತನಿಗಿತ್ತು. ವಿಧವೆಯ ಮುಂದಿನ ಬಾಳು ಯಾವ ಬಗೆಯದೆಂದು ಬಲ್ಲ ಆಕೆಗೆ ಆ ಸ್ವಾತಂತ್ರ್ಯ ಎಷ್ಟಿತ್ತು? ತನ್ನ ಇಚ್ಛೆಯಿಂದಲೇ ಎಂದು ಆಕೆ ಹೇಳಿದ ಮಾತನ್ನು ಈ ಪ್ರಶ್ನೆಯನ್ನು ಕೇಳದೆ ಒಪ್ಪಿಕೊಳ್ಳಲಾಗದು. ಸಹಗಮನವನ್ನು ಅಪರಾಧವೆಂದು ಸಾರುವ ಕಾನೂನು ಬಂಗಾಳದಲ್ಲಿ ಬಂದದ್ದು 1829ರಲ್ಲಿ, ಜಕ್ಕಮ್ಮನ ಕಾಲದಿಂದ ಇನ್ನೂರು ವರ್ಷಗಳ ಮೇಲೆ. ರಾಜಾ ರಾಮಮೋಹನ ರಾಯರಂಥ ನಮ್ಮ ದೇಶದವರೇ ಅದಕ್ಕಾಗಿ ಹೋರಾಡಿದರು ಎಂಬುದನ್ನೂ ಮರೆಯಬಾರದು.

ಇಕ್ಕೇರಿಯಿಂದ ಘಟ್ಟವಿಳಿದು ಆತನು ಮಂಗಳೂರಿಗೆ ಹೋದನು. ಉಳ್ಳಾಲದ ರಾಣಿಯನ್ನು ಅರಮನೆಯಲ್ಲಿ ಕಾಣಬೇಕೆಂದು ಹೋದವನಿಗೆ ಆಕೆ ದಾರಿಯಲ್ಲಿಯೇ ಎದುರಾದಳು. ಬರಿಗಾಲಿನಲ್ಲಿ, ಸಾಮಾನ್ಯವಾದ ಬಿಳಿಯ ಬಟ್ಟೆಯಲ್ಲಿ, ತಲೆಯ ಮೇಲೆ ತಾಳೆಗರಿಯ ಕೊಡೆ ಹಿಡಿಸಿಕೊಂಡು, ಹೊಲಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಲು ನಡೆದುಕೊಂಡು ಹೋಗುತ್ತಿದ್ದಳು. ಕದ್ರಿಯಲ್ಲಿ ಜೋಗಿಗಳ ಅರಸನನ್ನೂ ಆತನು ಕಂಡನು. ಕಲ್ಲಿಕೋಟೆಯವರೆಗೆ ಹೋಗಿ ಗೋವೆಗೆ ಮರಳಿದ ಮೇಲೆ, 1622ರಲ್ಲಿ ಸಂತಪದವಿಗೇರಿದ ಇಗ್ನೇಷಿಯಸ್ ಮತ್ತು ಫ್ರಾನ್ಸಿಸ್ ಕ್ಷೇವಿಯರರ ಗೌರವಾರ್ಥವಾಗಿ 1624ರ ಆರಂಭದಲ್ಲಿ ಅಲ್ಲಿ ನಡೆದ ಮಹೋತ್ಸವವನ್ನು ನೋಡುವ ಭಾಗ್ಯವೂ ಆತನಿಗೆ ದೊರೆಯಿತು. ಆ ವರ್ಷದ ಕೊನೆಗೆ ಭಾರತವನ್ನು ಬಿಟ್ಟು, 1626ರ ಮಾರ್ಚಿನಲ್ಲಿ ರೋಮನ್ನು ಸೇರಿದನು. ಹನ್ನೆರಡು ವರ್ಷಗಳ ಪ್ರವಾಸ ಮುಗಿಯಿತು. ಅರಾಚೇಲಿಯ ದೇವಮಾತೆಯ ದೇವಾಲಯದಲ್ಲಿರುವ ಕುಟುಂಬದ ಸಮಾಧಿಯಲ್ಲಿ ಮಾನಿಯ ದೇಹಕ್ಕೆ ಕೊನೆಗೂ ವಿಶ್ರಾಂತಿ ದೊರೆಯಿತು. ಆಕೆಯ ಸ್ಮರಣೆಯ ಉಪನ್ಯಾಸವನ್ನು ತಾನೇ ಮಾಡಲು ನಿಂತ ಪಿಯೆತ್ರೋ ಅತ್ತುಬಿಟ್ಟನೆಂದು ಹೇಳುತ್ತಾರೆ. 1652ರಲ್ಲಿ ಆತನು ತೀರಿಕೊಂಡನು. ಭಾರತದ ಪತ್ರಗಳು ಅಚ್ಚಾದುದು 1663ರಲ್ಲಿ. ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಅನುವಾದವೂ ಬಂದಿತು. 1892ರಲ್ಲಿ ಹಕ್ಲೂಯಿಟ್ ಸಂಸ್ಥೆಯವರು ಅದನ್ನು ಟಿಪ್ಪಣಿಗಳೊಡನೆ ಎರಡು ಸಂಪುಟಗಳಲ್ಲಿ ಹೊರತಂದರು.

ಈ ಸೀಮೆಗೆ ಮುಂದೆಯೂ ಪರದೇಶಿಗಳು ಬಂದರು. ಟಿಪ್ಪುವಿನ ಪತನದ ಬಳಿಕ ಕಂಪೆನಿ ಸರಕಾರದ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು 1801ರಲ್ಲಿ ಸೋಂದೆ, ಶಿರಸಿ, ಬನವಾಸಿಗಳ ಮೂಲಕ ಹಾದುಹೋದರು. ಅಡಿಕೆ, ಮೆಣಸು, ಏಲಕ್ಕಿಯ ತೋಟಗಳನ್ನು ಹೊಕ್ಕು ನೋಡಿದರು. ಗಿಡ ನೆಡುವ ಕ್ರಮವೇನು, ಕೂಲಿ ಎಷ್ಟು, ತೆರಿಗೆ ಎಷ್ಟು ಎಂದು ಕೇಳಿ ಬರೆದರು. 1807ರಲ್ಲಿ ಪ್ರಕಟವಾದ ಅವರ ಮೂರು ಸಂಪುಟಗಳಿಲ್ಲದೆ ನಮ್ಮ ತೋಟಗಳ ಇತಿಹಾಸವನ್ನು ಬರೆಯಲಾಗದು. ಬುಕಾನನ್ನರು ಆಳುವವರ ಪರವಾಗಿ ಲೆಕ್ಕ ತೆಗೆದುಕೊಳ್ಳಲು ಬಂದವರು. ಪಿಯೆತ್ರೋವಿಗೆ ಯಾರಿಗೂ ಲೆಕ್ಕ ಒಪ್ಪಿಸುವುದಿರಲಿಲ್ಲ. ಆದುದರಿಂದಲೇ ಲೆಕ್ಕ ಕಲಿಯುವ ಹುಡುಗರ ಬಳಿ ನಿಲ್ಲಲು ಆತನಿಗೆ ಬಿಡುವು ದೊರೆಯಿತು.

ಈ ವೃತ್ತಾಂತವನ್ನು ಸ್ಮರಣ ಸಂಚಿಕೆಯಲ್ಲಿ ಏಕೆ ಬರೆದೆವೆಂದು ವಾಚಕರು ಕೇಳಬಹುದು. ದೇವಾಲಯದ ದಫ್ತರಗಳಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ದಿನಾಂಕಗಳು ಇರುತ್ತವೆ. ಗುರುಗಳ ಹೆಸರುಗಳ ಪಟ್ಟಿ ಇರುತ್ತದೆ. ಕಟ್ಟಡಕ್ಕೆ ಕಲ್ಲು ಹಾಕಿದ ದಿನ ಇರುತ್ತದೆ. ಆದರೆ ಹಿಂದಿನವರು ಮಳೆಗಾಲದಲ್ಲಿ ಹಳ್ಳ ದಾಟಿ ಬಲಿಪೂಜೆಗೆ ಬಂದ ಬಗೆ, ಮಕ್ಕಳಿಗೆ ಜಪ ಕಲಿಸಿದ ಬಗೆ, ಹಬ್ಬದ ದಿನ ನೆರೆಹೊರೆಯ ಮನೆಗಳಿಗೆ ಹಂಚಿದ ತಿನಿಸು, ಹೆಣ ಹೊರಲು ನೆರವಾದ ಅನ್ಯಧರ್ಮದ ಬಂಧುಗಳು, ಇವು ಯಾವ ದಫ್ತರದಲ್ಲಿಯೂ ಇಲ್ಲ. ನಿತ್ಯವೂ ನಡೆಯುವುದನ್ನು ಯಾರು ಬರೆದಿಡುತ್ತಾರೆ ಎಂಬ ಉದಾಸೀನವೇ ಇದಕ್ಕೆ ಕಾರಣ. ನಾಲ್ಕುನೂರು ವರ್ಷಗಳ ಹಿಂದೆ ಆ ಗುಡಿಯ ಜಗಲಿಯಲ್ಲಿದ್ದ ಹುಡುಗರ ತಂದೆತಾಯಿಗಳೂ ಹೀಗೆಯೇ ಎಣಿಸಿರಬೇಕು. ಪರದೇಶದವನೊಬ್ಬನು ಆ ದಾರಿಯಾಗಿ ಬಾರದಿದ್ದರೆ ಆ ನಾಲ್ವರ ಉತ್ತರ ನಮಗೆ ದೊರೆಯುತ್ತಿರಲಿಲ್ಲ.

ನಮ್ಮ ಹಿರಿಯರು ಇನ್ನೂ ಕೆಲವರು ನಮ್ಮೊಡನಿದ್ದಾರೆ. ಪರದೇಶದಿಂದ ಯಾರೋ ಬಂದು ಕೇಳಲಿ ಎಂದು ಕಾಯುವುದು ಬೇಡ. ಮನೆಯ ಮಕ್ಕಳೇ ಅವರ ಬಳಿ ಕುಳಿತು ಕೇಳಲಿ, ಬರೆದಿಡಲಿ. ಒಬ್ಬರು ಮರೆತುದನ್ನು ಇನ್ನೊಬ್ಬರು ನೆನಪಿಸಿಯಾರು. ನಾಲ್ವರೂ ಒಟ್ಟಿಗೆ ಒಂದೇ ಜಾಗದಲ್ಲಿ ಮರೆಯುವುದಿಲ್ಲವೆಂದು ನಮ್ಮ ಘಟ್ಟದ ಹುಡುಗರೇ ಹೇಳಿದ್ದಾರಷ್ಟೆ. ಜಕ್ಕಮ್ಮನಿಗೆ ಆ ಯಾತ್ರಿಕನು ಕೊಟ್ಟ ಮಾತು ಇಂದಿಗೂ ಉಳಿದಿದೆ. ಅದನ್ನು ಓದಿದ ನಾವೂ ಆಕೆಯ ಆತ್ಮಕ್ಕಾಗಿಯೂ, ಮಾನಿಯ ಆತ್ಮಕ್ಕಾಗಿಯೂ, ಹೆಸರುಳಿಯದೆ ಹೋದ ನಮ್ಮೆಲ್ಲ ಪೂರ್ವಜರಿಗಾಗಿಯೂ ಒಂದು ನಿಮಿಷ ಮೌನವಾಗಿ ಪ್ರಾರ್ಥಿಸೋಣ.